ಮಕ್ಕಳ ಕೈಗೆ ಆಟ ಕೊಡುವ ಬಗೆ

ಐದು ವರ್ಷದ ಮಗು ಮೊಬೈಲಿನ ಆಟ ಬೇಕೆಂದು ಹಟ ಹಿಡಿದರೆ ಏನು ಮಾಡಬೇಕು? ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮೊಮ್ಮಗನ ದೆಸೆಯಿಂದ ಈ ಪ್ರಶ್ನೆ ಎದ್ದಿತು. ಮಗಳು ಕೊಡೋಣವೆಂದಳು, ನಾನು ಕೂಡದೆಂದೆ. ವಾಚಕರೆ, ನಿಮ್ಮ ಮನೆಯಲ್ಲಿಯೂ ಈ ವಾದ ನಡೆದಿರಬಹುದು. ತೀರ್ಪಿಗೆ ಮುನ್ನ ನಮ್ಮ ಹಿರಿಯರು ಆಟವನ್ನು ಹೇಗೆ ಕಂಡರೆಂಬುದನ್ನು ತುಸು ನೋಡೋಣ.

ಆಟವನ್ನು ಹಗುರಾಗಿ ಕಂಡ ನಾಡು ನಮ್ಮದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳಿಗೂ ಸ್ಥಾನವುಂಟು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ವಶವಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ವಿದ್ಯೆ ಕಲೆಗಳೊಡನೆ ಆಟಗಳಲ್ಲಿಯೂ ಮನಸ್ಸಿಟ್ಟರು. ಹೊಸ ಗಂಜೀಫಾ ಆಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದರು.

ಅರಮನೆಯ ಮಾತು ಹಾಗಿರಲಿ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಜಗಲಿಗಳಲ್ಲಿ ಮಕ್ಕಳು ಆಡಿದ್ದು ಅಳಗುಳಿಮಣೆ, ಚೌಕಾಬಾರ, ಹುಲಿ-ಕುರಿಯಾಟ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಹುಣಿಸೆಬೀಜ ಹಂಚುತ್ತ ಮಗು ಎಣಿಕೆ ಕಲಿಯಿತು. ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಕವುಚಿ ಬಿದ್ದರೆ ಎಂಟು, ಅದೇ ಬಾರ. ಗೆಲ್ಲಲಿದ್ದ ಕಾಯನ್ನು ಎದುರಾಳಿ ಹೊಡೆದನೆಂದರೆ ಮಗುವಿಗೆ ಅಳು. ಅಜ್ಜಿ, “ಅಳಬೇಡ, ಇನ್ನೊಂದು ಗರ ಹಾಕು” ಎನ್ನುತ್ತಿದ್ದಳು. ಸೋಲನ್ನು ತಾಳುವ ಪಾಠ ಅದು. ಹಿರಿಯರು ಅಂಜಿದ್ದು ಆಟಕ್ಕಲ್ಲ, ಪಣಕ್ಕೆ; ಧರ್ಮರಾಯನ ಕಥೆ ಅವರಿಗೆ ಗೊತ್ತಿತ್ತು.

ವಿಡಿಯೋ ಆಟದ ಚರಿತ್ರೆ ಚಿಕ್ಕದು. ಅಮೆರಿಕದಲ್ಲಿ 1972ರಲ್ಲಿ, ನಾಣ್ಯ ಹಾಕಿ ಆಡುವ ‘ಪಾಂಗ್’ ಎಂಬ ಚೆಂಡಾಟ ಜನಪ್ರಿಯವಾಯಿತು. ನಮ್ಮೂರಿನ ಎಷ್ಟೋ ಮಕ್ಕಳ ಕೈಗೆ ಫೋನು ಬಂದುದು 2020ರ ಕೊರೋನಾ ಕಾಲದ ಪಾಠಗಳೊಡನೆ. ಅದನ್ನು ಕೊಡಿಸಿರೆಂದು ಪೋಷಕರನ್ನು ಒತ್ತಾಯಿಸಿದ ಉಪಾಧ್ಯಾಯರಲ್ಲಿ ನಾನೂ ಒಬ್ಬ. ಈಗ ಕೂಡದೆನ್ನುವ ಅಧಿಕಾರ ನನಗೆಲ್ಲಿಯದು?

ಆದರೂ ಭೇದವೊಂದುಂಟು. ಬೀಜ ಮುಗಿದರೆ ಅಳಗುಳಿ ಮುಗಿಯಿತು. ಫೋನಿನ ಆಟ ಮುಗಿದಲ್ಲಿಯೇ ಮತ್ತೆ ಮೊದಲಾಗುತ್ತದೆ. ಪಕ್ಕದಲ್ಲಿ ಅಜ್ಜಿಯಿಲ್ಲ. ಈ ಚಟಕ್ಕೆ ಸಿಕ್ಕಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ 2025ರ ಕಾಯಿದೆ ನಿಷೇಧಿಸಿತು.

ಕಡೆಗೆ ಮಗಳೂ ನಾನೂ ಒಂದು ಕಟ್ಟಳೆ ಮಾಡಿಕೊಂಡೆವು. ಮೊದಲು ಚೌಕಾಬಾರ, ಆಮೇಲೆ ಫೋನು. ಅದೂ ಕೋಣೆಯಲ್ಲಲ್ಲ, ನಡುಮನೆಯಲ್ಲಿ, ಅರ್ಧ ಗಂಟೆ, ದೊಡ್ಡವರೊಬ್ಬರು ಜೊತೆಗೆ ಕುಳಿತು ಆಡಬೇಕು. ಫೋನು ಹಿಂದಕ್ಕೆ ಕೇಳಿದಾಗ ಹುಡುಗ ಕೆಲವು ದಿನ ಅಳುತ್ತಾನೆ. ಅಳಲಿ. ಹಿಂದೆಯೂ ಜಗಲಿಯ ಮಕ್ಕಳು ಅತ್ತೇ ಕಲಿತರು. ಆದರೆ ಪಕ್ಕದಲ್ಲಿ ಒಬ್ಬರಿದ್ದರು. ಆಟ ಯಾವುದಾದರೂ ಆಗಲಿ, ವಾಚಕರೆ, ಆ ಜಾಗ ಮಾತ್ರ ಬರಿದಾಗದಿರಲಿ.