ಒಂದೇ ಲೆಕ್ಕ, ಐದು ಅಂಗಳ

1900ರ ಮಾರ್ಚ್ 29ರಂದು ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಲೂಯಿ ಬಶೆಲಿಯೆ ಎಂಬ ಮೂವತ್ತು ವರ್ಷದ ವಿದ್ಯಾರ್ಥಿ ಡಾಕ್ಟರೇಟ್ ಪದವಿಗಾಗಿ ಮಹಾಪ್ರಬಂಧವೊಂದನ್ನು ಮಂಡಿಸಿದ. ಗಣಿತ ವಿಭಾಗದ ಪರೀಕ್ಷಕರಿಗೆ ಅದರ ವಿಷಯವೇ ವಿಚಿತ್ರವಾಗಿ ಕಂಡಿತು. ಪ್ಯಾರಿಸ್ ಶೇರು ಪೇಟೆಯಲ್ಲಿ ಸರಕಾರಿ ಸಾಲಪತ್ರಗಳ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಆತ ಲೆಕ್ಕಕ್ಕೆ ಒಗ್ಗಿಸಲು ಹೊರಟಿದ್ದ. ಪರೀಕ್ಷಕರಲ್ಲಿ ಒಬ್ಬನಾದ ಹೆಸರಾಂತ ಗಣಿತಜ್ಞ ಹೆನ್ರಿ ಪೊಂಕಾರೆ ಪ್ರಬಂಧವನ್ನು ಮೆಚ್ಚಿದ. ಆದರೆ ವಿಷಯವು ವಾಡಿಕೆಯ ವಿಷಯಗಳಿಂದ ದೂರವಿದೆ ಎಂಬುದನ್ನೂ ತನ್ನ ವರದಿಯಲ್ಲಿ ಗುರುತಿಸಿದ. ಬಶೆಲಿಯೆಗೆ ಪದವಿ ಸಿಕ್ಕಿತಾದರೂ ಅತ್ಯುನ್ನತ ಶ್ರೇಣಿ ಸಿಗಲಿಲ್ಲ. ಬೆಸಾನ್ಸೋನ್ ಪಟ್ಟಣದಲ್ಲಿ ಪ್ರಾಧ್ಯಾಪಕ ಹುದ್ದೆ ದೊರಕಿದ್ದು 1927ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ.

ಆ ಪ್ರಬಂಧದ ತಿರುಳನ್ನು ಕುಡುಕನೊಬ್ಬನ ನಡಿಗೆಯಿಂದ ತಿಳಿಯಬಹುದು. ಬೀದಿ ದೀಪದ ಕಂಬದಿಂದ ಹೊರಟ ಕುಡುಕ ಪ್ರತಿ ಹೆಜ್ಜೆಯನ್ನೂ ತೋಚಿದ ದಿಕ್ಕಿಗೆ ಇಡುತ್ತಾನೆ. ಹಿಂದಿನ ಹೆಜ್ಜೆಯ ನೆನಪು ಅವನಿಗಿಲ್ಲ. ಮುಂದೆ ಎಲ್ಲಿರುತ್ತಾನೆಂದು ಯಾರೂ ಹೇಳಲಾರರು. ಆದರೆ ಕಂಬದಿಂದ ಸುಮಾರು ಎಷ್ಟು ದೂರ ಹೋಗಿರಬಹುದೆಂದು ಹೇಳಬಹುದು. ನೂರು ಹೆಜ್ಜೆ ಹಾಕಿದರೆ ಸುಮಾರು ಹತ್ತು ಹೆಜ್ಜೆಯಷ್ಟು ದೂರ. ನಾನೂರು ಹಾಕಿದರೆ ಇಪ್ಪತ್ತು. ಅಂದರೆ ಎರಡು ಪಟ್ಟು ದೂರ ಹೋಗಲು ನಾಲ್ಕು ಪಟ್ಟು ಹೊತ್ತು ಬೇಕು. ಪೇಟೆಯ ಬೆಲೆಯೂ ಇದೇ ರೀತಿ ಅಲೆಯುತ್ತದೆ ಎಂಬುದು ಬಶೆಲಿಯೆಯ ವಾದ.

ಐದು ವರ್ಷಗಳ ನಂತರ, 1905ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರನೊಬ್ಬ ಇದೇ ಲೆಕ್ಕವನ್ನು ಬೇರೊಂದು ದಾರಿಯಿಂದ ಮುಟ್ಟಿದ. ಆತ ಆಲ್ಬರ್ಟ್ ಐನ್‌ಸ್ಟೈನ್. ಹೂವಿನ ಪರಾಗದಿಂದ ಹೊರಬಿದ್ದ ಸೂಕ್ಷ್ಮ ಕಣಗಳು ನೀರಿನಲ್ಲಿ ಎಡೆಬಿಡದೆ ಕುಣಿಯುವುದನ್ನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1827ರಲ್ಲೇ ಕಂಡಿದ್ದ. ಕಣ್ಣಿಗೆ ಕಾಣದ ಅಣುಗಳು ಎಲ್ಲ ಕಡೆಯಿಂದ ತಳ್ಳುವುದರಿಂದ ಇಂಥ ಕುಣಿತ ಉಂಟಾಗುತ್ತದೆ ಎಂದು ಐನ್‌ಸ್ಟೈನ್ ತೋರಿಸಿದ. ಪ್ಯಾರಿಸ್ಸಿನ ಜ್ಯಾನ್ ಪೆರ‍್ಯಾನ್ 1908ರಿಂದ ನಡೆಸಿದ ಪ್ರಯೋಗಗಳು ಆ ಲೆಕ್ಕವನ್ನು ಸಮರ್ಥಿಸಿದವು. ಪರಮಾಣುಗಳು ನಿಜವಾಗಿ ಇವೆಯೇ ಎಂದು ಸಂಶಯಪಡುತ್ತಿದ್ದ ಹಲವರು ಆಮೇಲೆ ಒಪ್ಪಿಕೊಂಡರು.

ವೈದ್ಯಶಾಸ್ತ್ರದ ಕಡೆಯಿಂದ ಬಂದವನು ರೊನಾಲ್ಡ್ ರಾಸ್. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಸುಳಿವು ಹಿಡಿದ ವೈದ್ಯ ಈತ. ಅದಕ್ಕೂ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ತನ್ನ ಬಂಗಲೆಯಲ್ಲೇ ಗಮನಿಸಿದ್ದ. ಊರಿನ ಒಂದು ಭಾಗದಲ್ಲಿ ನೀರಿನ ಹೊಂಡಗಳನ್ನು ಮುಚ್ಚಿದರೆ ಹೊರಗಿನ ಸೊಳ್ಳೆಗಳು ಎಷ್ಟು ದೂರ ಒಳನುಗ್ಗುತ್ತವೆ? ಈ ಪ್ರಶ್ನೆಯನ್ನು ರಾಸ್ 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಚರ್ಚಿಸಿದ. ಲಂಡನ್ನಿನ ಕಾರ್ಲ್ ಪಿಯರ್ಸನ್ ಮುಂದೆಯೂ ಇಟ್ಟ. ದಿಕ್ಕಿಲ್ಲದೆ ಹಾರುವ ಸೊಳ್ಳೆಗಳಲ್ಲಿ ಹೆಚ್ಚಿನವು ಹುಟ್ಟಿದ ಜಾಗದ ಸುತ್ತಲೇ ಉಳಿಯುತ್ತವೆ ಎಂಬುದು ರಾಸ್‌ನ ತರ್ಕ. ಪಿಯರ್ಸನ್ 1905ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಲೆಕ್ಕಕ್ಕೆ ಉತ್ತರ ಕೇಳಿದ. ಇಂಥದನ್ನು ಧ್ವನಿತರಂಗಗಳ ಸಂಬಂಧದಲ್ಲಿ 1880ರಲ್ಲೇ ಬಿಡಿಸಿದ್ದೇನೆಂದು ಭೌತಶಾಸ್ತ್ರಜ್ಞ ಲಾರ್ಡ್ ರೇಲಿ ಮರುವಾರವೇ ಬರೆದ. ಬಶೆಲಿಯೆಯ ಹೆಸರು ಇವರಾರ ಬಾಯಲ್ಲೂ ಬರಲಿಲ್ಲ. ಒಂದೇ ಬಾವಿಯನ್ನು ನಾಲ್ಕು ಮನೆಯವರು ಗೋಡೆಗಳ ನಡುವೆ ಬೇರೆ ಬೇರೆಯಾಗಿ ತೋಡಿದಂತಾಯಿತು.

ಗೋಡೆ ದಾಟಿದ್ದೆಲ್ಲ ಒಳ್ಳೆಯದೇ ಎಂದೂ ಅಲ್ಲ. ಜರ್ಮನಿಗೆ ಸೇನಾ ರಹಸ್ಯ ಮಾರಿದನೆಂದು ಫ್ರೆಂಚ್ ಸೇನೆಯ ಯಹೂದಿ ಅಧಿಕಾರಿ ಆಲ್ಫ್ರೆಡ್ ಡ್ರೈಫಸ್‌ಗೆ 1894ರಲ್ಲಿ ಶಿಕ್ಷೆಯಾಗಿ, ಆತ ದೂರದ ದ್ವೀಪವೊಂದರ ಸೆರೆಯಲ್ಲಿ ಕೊಳೆಯುತ್ತಿದ್ದ. ಸಹಿಯಿಲ್ಲದ ಒಂದು ಪತ್ರ ಆತನ ಕೈಬರಹವೇ ಎಂದು ಸಾಧಿಸಲು ಪೊಲೀಸ್ ಇಲಾಖೆಯ ಬೆರ್ಟಿಯೋನ್ ಸಂಭವನೀಯತೆಯ ಲೆಕ್ಕ ಹಾಕಿದ. ಪತ್ರದ 26 ಸ್ಥಾನಗಳ ಪೈಕಿ ನಾಲ್ಕರಲ್ಲಿ ಹೊಂದಾಣಿಕೆ ಇದೆ. ಒಂದೊಂದಕ್ಕೂ ಐದರಲ್ಲಿ ಒಂದು ಸಂಭವ. ಆದ್ದರಿಂದ ಇದು ಆಕಸ್ಮಿಕವಾಗಿ ಆಗುವ ಸಂಭವ ಹತ್ತು ಸಾವಿರಕ್ಕೆ ಹದಿನಾರು ಮಾತ್ರ ಎಂದ. ನಾಲ್ಕಕ್ಕೆ ನಾಲ್ಕೂ ಹೊಂದಿದ್ದರೆ ಆ ಲೆಕ್ಕ ಸರಿ. ಆದರೆ 26 ಸ್ಥಾನಗಳಲ್ಲಿ ಐದರಷ್ಟು ಹೊಂದಾಣಿಕೆ ತಾನಾಗಿಯೇ ಬರಬೇಕು. ನಾಲ್ಕು ಬಂದರೆ ಅದರಲ್ಲಿ ಆಶ್ಚರ್ಯವೇನು? ಈ ತಪ್ಪನ್ನು ಎತ್ತಿ ತೋರಿಸಿದವನು ಅದೇ ಪೊಂಕಾರೆ. 1904ರಲ್ಲಿ ಆತ ಮತ್ತಿಬ್ಬರು ಗಣಿತಜ್ಞರೊಡನೆ ವರದಿ ಕೊಟ್ಟು, ಬೆರ್ಟಿಯೋನ್ ಲೆಕ್ಕಕ್ಕೆ ಯಾವ ಬೆಲೆಯೂ ಇಲ್ಲವೆಂದು ಸಾರಿದ. 1906ರಲ್ಲಿ ಡ್ರೈಫಸ್ ನಿರ್ದೋಷಿಯೆಂದು ತೀರ್ಪಾಯಿತು.

ಗಣಕಯಂತ್ರದ ಕತೆ ಶುರುವಾಗುವುದು ಇಸ್ಪೀಟಿನಿಂದ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟ್ಯಾನಿಸ್ಲಾ ಉಲಾಮ್ ಒಬ್ಬನೇ ಇಸ್ಪೀಟು ಆಡುತ್ತಿದ್ದ. ಗೆಲ್ಲುವ ಸಂಭವವನ್ನು ಸೂತ್ರದಿಂದ ಹುಡುಕುವ ಬದಲು ನೂರು ಸಲ ಆಡಿ ಎಣಿಸಿದರೆ ಸಾಲದೇ ಎಂದು ಅವನಿಗೆ ಹೊಳೆಯಿತು. ಜಾನ್ ಫಾನ್ ನಾಯ್ಮನ್ ಜೊತೆಗೂಡಿ ಈ ಉಪಾಯವನ್ನು ಅಣುಶಕ್ತಿ ಸಂಶೋಧನೆಗೆ ಹಚ್ಚಿದ. ಲಕ್ಷಾಂತರ ಕುಡುಕ ಕಣಗಳನ್ನು ಯಂತ್ರದೊಳಗೆ ಅಲೆಯಬಿಟ್ಟು ಎಣಿಸುವ ಈ ಕ್ರಮಕ್ಕೆ ಜೂಜಿನ ಊರಾದ ಮಾಂಟೆ ಕಾರ್ಲೊ ಹೆಸರೇ ಬಿತ್ತು. ಕ್ಯಾನ್ಸರ್ ರೋಗಿಗೆ ಕೊಡುವ ವಿಕಿರಣದ ಪ್ರಮಾಣವನ್ನು ಲೆಕ್ಕಹಾಕುವುದಕ್ಕೂ ಇಂದು ಈ ಕ್ರಮ ಬಳಕೆಯಲ್ಲಿದೆ.

ಬಶೆಲಿಯೆ 1946ರಲ್ಲಿ ತೀರಿಕೊಂಡ. 1950ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಲಿಯೊನಾರ್ಡ್ ಸ್ಯಾವೇಜ್ ಕೆಲವು ಅರ್ಥಶಾಸ್ತ್ರಜ್ಞರಿಗೆ ಅಂಚೆ ಕಾರ್ಡು ಬರೆದು, ಈತನ ಬಗ್ಗೆ ಗೊತ್ತೇ ಎಂದು ವಿಚಾರಿಸಿದ. ಪಾಲ್ ಸ್ಯಾಮ್ಯುಯೆಲ್ಸನ್ ಹಳೆಯ ಪ್ರಬಂಧವನ್ನು ಹುಡುಕಿ ಓದಿದ. ಆ ದಾರಿಯಲ್ಲೇ ಮುಂದುವರಿದು 1973ರಲ್ಲಿ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್ ಅವರ ಸೂತ್ರಗಳು ಬಂದವು. 1997ರಲ್ಲಿ ಶೋಲ್ಸ್, ಮರ್ಟನ್ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಮರುವರ್ಷವೇ ಅವರು ಪಾಲುದಾರರಾಗಿದ್ದ ಹಣಕಾಸು ಸಂಸ್ಥೆ ಕುಸಿದು, 14 ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರ್ ತುಂಬಿ ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಮಿತಿಮೀರಿದ ಸಾಲ ಒಂದು ಕಾರಣ. ಲೆಕ್ಕವು ಮರೆತ ಸಂಗತಿ ಇನ್ನೊಂದು. ಪರಾಗದ ಕಣ ಪಕ್ಕದ ಕಣವನ್ನು ನೋಡಿ ಹೆದರುವುದಿಲ್ಲ. ಪೇಟೆಯ ಜನ ಹೆದರುತ್ತಾರೆ, ಒಬ್ಬ ಓಡಿದರೆ ಎಲ್ಲರೂ ಅದೇ ಬಾಗಿಲಿಗೆ ಓಡುತ್ತಾರೆ.

ವಾಡಿಕೆಗೆ ಹೊರಗಿನ ಪ್ರಬಂಧವನ್ನು ಒಳಗೆ ಬಿಟ್ಟವನೂ, ನ್ಯಾಯಾಲಯದಲ್ಲಿ ಸುಳ್ಳು ಲೆಕ್ಕವನ್ನು ತಡೆದವನೂ ಒಬ್ಬನೇ ಎಂಬುದು ನೆನಪಿಡುವ ಮಾತು. ಒಂದು ಶಾಸ್ತ್ರದ ಲೆಕ್ಕ ಮತ್ತೊಂದರ ಅಂಗಳಕ್ಕೆ ಬರಲಿ, ಬರಲೇಬೇಕು. ಆದರೆ ಬಂದ ಮೇಲೆ ಅಲ್ಲಿನ ನೆಲ ಎಂಥದೆಂದು ಕಾಲೂರಿ ನೋಡಬೇಕು.