ಬದುಕೇ ಆರಾಧನೆಯಾದಾಗ: ಗಡಿನಾಡಿನ ಅಕ್ಷರಚರಿತ್ರೆಯ ಒಂದು ಪುಟ

ಆರಾಧನೆ ಎಂದೊಡನೆ ಗುಡಿಯ ಗಂಟೆ, ಮಸೀದಿಯ ಬಾಂಗು, ಇಗರ್ಜಿಯ ಹಾಡು ನಮ್ಮ ನೆನಪಿಗೆ ಬರುತ್ತವೆ. ಆದರೆ ಸಂತ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಬೇರೊಂದು ಮಾತಿದೆ. ಬಲಿಪೀಠದ ಮೇಲೆ ಪ್ರಾಣಿಯನ್ನಿಡುವುದಕ್ಕಿಂತ, ಬದುಕುತ್ತಿರುವ ತನ್ನನ್ನೇ ದೇವರಿಗೆ ಒಪ್ಪಿಸುವುದು ನಿಜವಾದ ಆರಾಧನೆಯೆಂಬುದು ಅದರ ಆಶಯ. ಕಾಯಕವನ್ನು ಕೈಲಾಸವೆಂದ ಶರಣರ ನುಡಿ ಬಲ್ಲ ನಮಗೆ ಈ ಭಾವ ಹೊಸದಲ್ಲ. ಮಂತ್ರಾಲಯದ ರಾಯರು, ಚಿಪ್ಪಗಿರಿಯಲ್ಲಿ ನೆಲೆಸಿದ ವಿಜಯದಾಸರು ನಡೆದಾಡಿದ ಈ ಸೀಮೆಯಲ್ಲಿ ಸಮರ್ಪಣೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಶತಮಾನೋತ್ಸವದ ಈ ಹೊತ್ತಿನಲ್ಲಿ, ಅಂಥ ಸಮರ್ಪಣೆಯಿಂದ ನಮ್ಮ ಕಡೆಯ ವಿದ್ಯೆಗೆ ಬಂದ ಫಲವನ್ನು ಸ್ಮರಿಸಲು ಬಯಸುತ್ತೇವೆ.

1800ರಲ್ಲಿ ನಿಜಾಮರು ಬಳ್ಳಾರಿ, ಆದವಾನಿಗಳನ್ನೊಳಗೊಂಡ ದತ್ತ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹತ್ತು ವರ್ಷಗಳ ತರುವಾಯ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರ ಉದ್ದೇಶ ಮತಪ್ರಚಾರವೇ ಆಗಿತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಜನರಿಗೆ ಮಾತು ಮುಟ್ಟಬೇಕಾದರೆ ಮೊದಲು ಜನರ ಮಾತನ್ನು ಕಲಿಯಬೇಕು. ಹ್ಯಾಂಡ್ಸ್ ಕನ್ನಡ ಕಲಿತರು, ಶಾಲೆ ತೆರೆದರು, ಬೈಬಲ್ಲಿನ ಅನುವಾದಕ್ಕೆ ಕುಳಿತರು. 1830ರ ದಶಕದ ಆರಂಭದ ವೇಳೆಗೆ ಇಡೀ ಗ್ರಂಥ ಕನ್ನಡದಲ್ಲಿ ಬಂದಿತು. ಸುಮಾರು ಎರಡು ದಶಕಗಳ ಆಯುಷ್ಯ ಒಂದೇ ಕೆಲಸಕ್ಕೆ ಸಂದಿತು.

ಅವರ ಸಹೋದ್ಯೋಗಿ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದು, 1894ರಲ್ಲಿ 70,000ಕ್ಕೂ ಮಿಕ್ಕ ಪದಗಳ ನಿಘಂಟನ್ನು ಕನ್ನಡಿಗರ ಕೈಗಿತ್ತರು. ಪದವೊಂದರ ಬೇರನ್ನು ಹುಡುಕುವ ಆ ತಾಳ್ಮೆಯನ್ನು ಅವರು ಪ್ರಾರ್ಥನೆಯಿಂದ ಬೇರೆಯೆಂದು ಎಣಿಸಿರಲಾರರು ಎಂದು ನಾವು ಭಾವಿಸುತ್ತೇವೆ.

ಇಲ್ಲಿ ಇನ್ನೊಂದು ಋಣವನ್ನೂ ನೆನೆಯಬೇಕು. ಈ ವಿದೇಶಿಯರಿಗೆ ಅಕ್ಷರ ತಿದ್ದಿಸಿದವರು, ವಾಕ್ಯ ಸರಿಪಡಿಸಿದವರು ನಮ್ಮ ನಾಡಿನ ಮುನ್ಷಿಗಳು, ಪಂಡಿತರು. ಮುಖಪುಟಗಳಲ್ಲಿ ಬಹುಮಟ್ಟಿಗೆ ಅವರ ಹೆಸರಿಲ್ಲ. ಹೆಸರನ್ನು ಬಯಸದೆ ನಡೆದ ಆ ದುಡಿಮೆಯೂ ಅರ್ಪಣೆಯೇ ಅಲ್ಲವೇ?

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಗಡಿಗೆರೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಸಿ. ಬೆಳಗಲ್ ಸೀಮೆಯಿಂದ ಆಲೂರಿನವರೆಗೆ ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಬೆರೆಯುತ್ತವೆ. ಇಲ್ಲಿ ಕನ್ನಡ ಮಾಧ್ಯಮದ ತರಗತಿಯೊಂದು ಉಳಿಯುವುದು ಸರ್ಕಾರದ ಆದೇಶವೊಂದರಿಂದಲೇ ಅಲ್ಲ. ಮಗುವನ್ನು ಕಳುಹಿಸುವ ತಾಯಿಯ ನಿರ್ಧಾರದಿಂದ, ಕಲಿಸುವ ಗುರುವಿನ ನಿಷ್ಠೆಯಿಂದ. ‘ಕನ್ನಡದಲ್ಲಿ ಓದಿದರೆ ಮುಂದೇನು?’ ಎಂದು ಪಾಲಕರು ಕೇಳಿದಾಗ ನಮ್ಮ ಬಳಿ ಸಿದ್ಧ ಉತ್ತರವಿರುವುದಿಲ್ಲ. ಆ ಆತಂಕ ನಿಜವಾದುದು. ಇಂಗ್ಲಿಷನ್ನೂ ತೆಲುಗನ್ನೂ ಚೆನ್ನಾಗಿ ಕಲಿಸುವುದು ನಮ್ಮ ಹೊಣೆ. ಆದರೆ ದೂರದೇಶದವರೊಬ್ಬರು ತಮ್ಮ ದೇವರಿಗೆ ಸಲ್ಲಿಸುವ ಸೇವೆಯೆಂದು ಇಪ್ಪತ್ತು ವರ್ಷ ಮೀಸಲಿಟ್ಟ ಭಾಷೆಯನ್ನು, ಅದು ಮನೆಯಲ್ಲೇ ಇದೆಯೆಂಬ ಕಾರಣಕ್ಕೆ ನಾವು ಹಗುರವಾಗಿ ಕಾಣಬಾರದು.

ನಮ್ಮ ಶಾಲೆ ಎಲ್ಲ ಮತಗಳ ಮಕ್ಕಳದು. ಇಲ್ಲಿ ಯಾವ ಮತವನ್ನೂ ಬೋಧಿಸುವುದಿಲ್ಲ. ಆದರೂ ನೂರು ವರ್ಷಗಳಿಂದ ಬೆಳಗಿನ ಗಂಟೆಗೆ ಮೊದಲೇ ಬಂದು, ಕರಿಹಲಗೆ ಒರೆಸಿ, ಹಿಂದುಳಿದ ಮಗುವಿನ ಪಕ್ಕದಲ್ಲಿ ಕುಳಿತ ಗುರುಗಳ ಬದುಕನ್ನು ಕುರಿತು ಯೋಚಿಸಿದಾಗ, ಪೌಲನ ಮಾತಿನ ಅರ್ಥ ನಮಗೆ ಇಲ್ಲಿಯೇ ಕಾಣುತ್ತದೆ. ಆ ಹಿರಿಯರಿಗೆ ನಮಿಸುತ್ತೇವೆ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಗಳಿಗೆ ತರಗತಿಗೂ ಬಂದು, ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಲೆಂದು ಕೋರುತ್ತೇವೆ. ಶಾಲೆಗೆ ಸಲ್ಲುವ ಕಾಣಿಕೆಗಳಲ್ಲಿ ಅದೇ ದೊಡ್ಡದು.