ಅಟ್ಟದಿಂದ ಇಳಿದ ಸಾಮಾನುಗಳು

ಬಿಳಿಗಿರಿರಂಗನ ಬೆಟ್ಟದ ದೇವರಿಗೆ ಎರಡು ವರ್ಷಕ್ಕೊಮ್ಮೆ ಹೊಸ ಚಪ್ಪಲಿ ಬರುತ್ತದೆ. ಒಂದು ಅಡಿ ಒಂಬತ್ತು ಅಂಗುಲದ ಚರ್ಮದ ಜೋಡು. ಹೊಲಿದು ತಂದು ಒಪ್ಪಿಸುವವರು ಬೂದಿತಿಟ್ಟಿನ ಆದಿಜಾಂಬವರು. ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿ ಆ ಜನಕ್ಕೆ ಭಾವನಾದ ರಂಗಪ್ಪ ರಾತ್ರಿಯಿಡೀ ಕಾಡು ಸುತ್ತಿ ಅವನ್ನು ಸವೆಸುತ್ತಾನೆ ಎಂಬುದು ನಂಬಿಕೆ. ಬೆಟ್ಟಕ್ಕೆ ಹೋದ ಭಕ್ತರು ಆ ಪಾದುಕೆಯನ್ನೇ ತಲೆಗೆ ಮುಟ್ಟಿಸಿಕೊಂಡು ಬರುತ್ತಾರೆ.

ಚಾಮರಾಜನಗರ ಸೀಮೆಯ ಚರ್ಮದ ಕಸುಬಿನಲ್ಲಿ ಒಂದು ಕಾಲಕ್ಕೆ ಇದಕ್ಕಿಂತ ಸಾಧಾರಣವಾದ ಕೆಲಸಗಳು ಎಷ್ಟೋ ಇದ್ದವು. ಹೊಲಕ್ಕೆ ಹೋಗುವವನಿಗೆ ಎಕ್ಕಡ, ಎತ್ತಿಗೆ ಮಿಣಿ, ಬಾರುಕೋಲಿಗೆ ಬಾರು, ಕಪಿಲೆ ಬಾವಿಗೆ ಚರ್ಮದ ಬಾನಿ. ಕರೆಂಟಿನ ಪಂಪು ಬಂತು, ಬಾನಿ ಹೋಯಿತು. ರಬ್ಬರ್ ಚಪ್ಪಲಿ ಬಂತು, ಎಕ್ಕಡ ಹೋಯಿತು. ದೇವರ ಜೋಡಿಗೆ ಮಾತ್ರ ಯಾವ ಕಾರ್ಖಾನೆಯೂ ಬದಲಿ ತಂದಿಲ್ಲ. ದೇವರಿಗೆ ಸಂದದ್ದು ಉಳಿಯಿತು, ಒಲೆಯ ಮುಂದಿನದ್ದು ಅಟ್ಟ ಸೇರಿತು. ಈ ಸೀಮೆಯ ಕೈಕೆಲಸದ ನೂರು ವರ್ಷವನ್ನು ನೋಡಿದರೆ ಮತ್ತೆ ಮತ್ತೆ ಕಾಣುವುದು ಇದೇ.

ಅಟ್ಟದ ಮೇಲಿನ ಸಾಮಾನನ್ನು ಕೆಳಗಿಳಿಸಿ ಕಲೆ ಎಂದು ನೋಡುವ ಬುದ್ಧಿ ಎಲ್ಲ ಕಡೆಯೂ ತಡವಾಗಿಯೇ ಬಂದಿದೆ. ಸ್ವೀಡನ್ನಿನ ಆರ್ಥರ್ ಹಜೇಲಿಯಸ್ ಹಳ್ಳಿಯ ಮನೆಗಳನ್ನೇ ಎತ್ತಿ ತಂದು ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಬಯಲು ಸಂಗ್ರಹಾಲಯ ತೆರೆದದ್ದು 1891ರಲ್ಲಿ. ಜಪಾನಿನಲ್ಲಿ ಯಾನಗಿ ಸೊಯೆತ್ಸು ಮತ್ತವರ ಗೆಳೆಯರು ಬಡವರ ಮನೆಯ ಬಟ್ಟಲು, ಚಾಪೆಗಳ ಚೆಲುವನ್ನು ಎತ್ತಿಹಿಡಿದು 'ಮಿಂಗೆಯ್' ಚಳವಳಿ ಶುರುಮಾಡಿದ್ದು 1925ರಲ್ಲಿ. ಟೋಕಿಯೋದಲ್ಲಿ ಅದಕ್ಕೊಂದು ಸಂಗ್ರಹಾಲಯ ಎದ್ದದ್ದು 1936ರಲ್ಲಿ. ಇವತ್ತು ಚೀನಾದ ಹಳ್ಳಿಗಳ ಹಳೆಯ ಧಾನ್ಯದ ಬುಟ್ಟಿ, ಬುತ್ತಿ ಒಯ್ಯುವ ಬಿದಿರ ಪೆಟ್ಟಿಗೆ, ಹಬ್ಬದ ತಿಂಡಿಯ ಮರದ ಅಚ್ಚುಗಳು ಅಮೆರಿಕ, ಯೂರೋಪಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ನಮ್ಮಲ್ಲಿ ಪುಣೆಯ ಕೇಳ್ಕರರು ದೀಪ, ಅಡಕೊತ್ತುಗಳಿಂದ ತೊಡಗಿ ಒಂದು ಮ್ಯೂಸಿಯಮ್ಮನ್ನೇ ಕಟ್ಟಿದರು. ಅಹಮದಾಬಾದಿನಲ್ಲಿ 1981ರಲ್ಲಿ ಬರೀ ಪಾತ್ರೆಪಗಡಗಳಿಗೆಂದೇ 'ವಿಚಾರ್' ಸಂಗ್ರಹಾಲಯ ಶುರುವಾಯಿತು.

ಮೈಸೂರು ಸೀಮೆಯ ಸಾಮಾನುಗಳನ್ನು ಮೊದಲು ಬರಹಕ್ಕಿಳಿಸಿದವರು ಅವುಗಳ ಚೆಲುವಿಗೆ ಮನಸೋತವರಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಇಲ್ಲೆಲ್ಲ ತಿರುಗಾಡಿದ್ದು ಹೊಸದಾಗಿ ಕೈವಶವಾದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂಬ ಲೆಕ್ಕ ಕಂಪನಿಗೆ ಬೇಕಿತ್ತೆಂದು. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಬೇಸಾಯದ ಉಪಕರಣಗಳ ಚಿತ್ರಗಳಿವೆ, ಕಬ್ಬಿಣ ಕರಗಿಸುವ ಕುಲುಮೆಗಳ ವಿವರವಿದೆ. ಆಮೇಲೆ ಬಂದವರು ಜನಾಂಗಗಳ ಪಟ್ಟಿ ಮಾಡುವವರು. 1909ರ ಥರ್ಸ್ಟನ್‌ನ ಸಂಪುಟಗಳು, 1928ರಿಂದ 1935ರ ನಡುವೆ ಹೊರಬಂದ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟಗಳು ಮದುವೆ, ಸೂತಕ, ಕುಲಗಳ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಮೊರ, ಮಡಕೆಗಳ ಸರದಿ ಬಂದಾಗ ಅವಸರ ಮಾಡುತ್ತವೆ. ಇವತ್ತು ಗುಂಡ್ಲುಪೇಟೆಯ ಜೊತೆ ಒಂದೇ ಜಿಲ್ಲೆಯಲ್ಲಿರುವ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. 1956ರವರೆಗೂ ಹಾಗೇ ಇತ್ತು. ಹೀಗಾಗಿ ಗುಂಡ್ಲುಪೇಟೆಯ ಮಾತು ಒಂದು ಸರ್ಕಾರದ ಕಡತದಲ್ಲಿ, ಕೊಳ್ಳೇಗಾಲದ ಮಾತು ಇನ್ನೊಂದು ಸರ್ಕಾರದ ಕಡತದಲ್ಲಿ.

ಕನ್ನಡಿಗರೇ ಜಾನಪದಕ್ಕೆ ಕೈಹಾಕಿದಾಗ ಮೊದಲು ಹಿಡಿದದ್ದು ಹಾಡನ್ನು. 1931ರಲ್ಲಿ ಹಲಸಂಗಿ ಗೆಳೆಯರ 'ಗರತಿಯ ಹಾಡು' ಬಂತು. ಎರಡು ವರ್ಷದ ಮೇಲೆ ಬಂದ ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' ಬಂಡಿಹೊಳೆ ಎಂಬ ಒಂದೇ ಊರಿನ ಬಾಳನ್ನೆಲ್ಲ ತುಂಬಿಕೊಂಡ ಅಪರೂಪದ ಪುಸ್ತಕ. ಆದರೆ ಅಂಥದ್ದು ಹೆಚ್ಚು ಬರಲಿಲ್ಲ. ರಾಗಿ ಬೀಸುವ ಪದಗಳು ರಾಶಿರಾಶಿಯಾಗಿ ಅಚ್ಚಾದವು. ಬೀಸುಕಲ್ಲನ್ನು ಯಾವ ಕಲ್ಲಿನಿಂದ ಕಡೆಯುತ್ತಿದ್ದರು, ಅದು ಸವೆದಾಗ ಮುಳ್ಳು ಹೊಡೆಯಲು ಯಾರು ಬರುತ್ತಿದ್ದರು ಎಂದು ಬರೆದಿಟ್ಟವರು ಕಡಿಮೆ. ಊರಿಗೆ ಹಿಟ್ಟಿನ ಮಿಷನ್ನು ಬಂದ ಮೇಲೆ ಕಲ್ಲೂ ಪದವೂ ಒಟ್ಟಿಗೇ ನಿಂತವು.

ಈ ಕೊರತೆ ನೀಗಿಸುವ ದೊಡ್ಡ ಪ್ರಯತ್ನ ನಡೆದದ್ದು ಮೈಸೂರಿನಲ್ಲಿ. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾಯಿತು. ಜೀ.ಶಂ. ಪರಮಶಿವಯ್ಯ ಕಾವ್ಯ, ಕಲಾವಿದರ ಬೆನ್ನು ಹತ್ತಿದ್ದರೆ, ಹರ್ತಿಕೋಟೆಯಿಂದ ಬಂದ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿ ಹಳ್ಳಿ ಅಲೆದು ವಸ್ತುಗಳನ್ನು ಹೊತ್ತು ತಂದರು. ಚಿತ್ರಗಾರನ ಕಣ್ಣು ಇಲ್ಲಿ ಕೆಲಸಕ್ಕೆ ಬಂತು: ವಿದ್ವಾಂಸರಿಗೆ ಹಳೇ ಸಾಮಾನು ಎನಿಸಿದ್ದರಲ್ಲಿ ಅವರಿಗೆ ರೇಖೆ ಕಂಡಿತು. 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆಯೊಳಗೆ ಕೊಳಗ, ಒನಕೆ, ಕಣಜ, ಸೋಮನ ಮುಖ, ತೊಗಲುಗೊಂಬೆಗಳು ಬಂದು ಕೂತವು. ಸಂಗ್ರಹ 6,500 ವಸ್ತುಗಳನ್ನು ದಾಟಿತು. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಗುಂಡ್ಲುಪೇಟೆಯೂ ಮೈಸೂರು ಜಿಲ್ಲೆಯೇ ಆಗಿದ್ದರಿಂದ ಈ ಕಡೆಯ ಸಾಮಾನು ಮೈಸೂರಿನತ್ತ ಹೋದದ್ದು ಸಹಜವೇ. ಬೇಸರದ ಸಂಗತಿಯೆಂದರೆ ಅರಮನೆಯೇ ಶಿಥಿಲವಾಯಿತು. ಈಚಿನ ವರ್ಷಗಳಲ್ಲಿ ಡೆಕ್ಕನ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ರಾಯಭಾರಿ ನಿಧಿಯ ನೆರವಿನಿಂದ ಅದರ ಒಂದು ಪಾರ್ಶ್ವದ ದುರಸ್ತಿಗೆ ಕೈಹಚ್ಚಲಾಗಿದೆ.

ಎರಡನೆಯ ಹೆಜ್ಜೆ ಎಚ್.ಎಲ್. ನಾಗೇಗೌಡರದು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಹದಿನೈದು ಎಕರೆಯಲ್ಲಿ ಜಾನಪದ ಲೋಕ ತೆರೆದರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಸಾಮಾನಿಗೇ ಮೊದಲ ಮಣೆ. ಹೆಂಗಸರು ದಿನಾ ಮುಟ್ಟಿದ ವಸ್ತುಗಳಿಗೆ ಹೀಗೆ ಬೇರೆ ಕಟ್ಟಡ ಕೊಟ್ಟದ್ದು ಸಣ್ಣ ಮಾತಲ್ಲ.

ಆದರೂ ಈ ಸಂಗ್ರಹಾಲಯಗಳ ಚೀಟಿಗಳು ಸಾಮಾನ್ಯವಾಗಿ ವಸ್ತುವಿನ ಹೆಸರಿಗೇ ನಿಂತುಬಿಡುತ್ತವೆ. ಮೊರವನ್ನೇ ನೋಡಿ. ಮೇದರ ಕೈಗೆ ಬೇಕಾದದ್ದು ತೀರ ಎಳೆಯದೂ ಅಲ್ಲದ, ಬಲಿತು ಒಣಗಿದ್ದೂ ಅಲ್ಲದ ಹಸಿ ಬಿದಿರು. ಗೆಣ್ಣಿನಿಂದ ಗೆಣ್ಣಿಗೆ ಅಂತರ ಎಷ್ಟಿದೆ ಎಂದು ನೋಡಿ ಕಡಿಯಬೇಕು. ಮಚ್ಚಿನಲ್ಲಿ ಸೀಳಿ ಸೀಳಿ ಹೊರಮೈಯ ಗಟ್ಟಿ ಸೀಳನ್ನು ಅಂಚಿಗೆ, ಒಳಗಿನ ಮೆದುವನ್ನು ಹೆಣಿಗೆಗೆ ಎಂದು ವಿಂಗಡಿಸಬೇಕು. ಮೂರು ಕಡೆ ಅಂಚು ಎತ್ತರ, ಮುಂದಿನ ಕಡೆ ತೆರವು. ಕೇರುವಾಗ ಹೊಟ್ಟು ಹಾರುವುದೂ ಕಾಳು ಉಳಿಯುವುದೂ ಆ ತೆರವಿನ ಅಳತೆಯ ಮೇಲಿದೆ. ಕೊಂಡವಳು ಮನೆಗೆ ತಂದು ಸಗಣಿ ಬಳಿದೋ, ಕಾಗದದ ಜೊತೆ ಮೆಂತ್ಯದ ಹಿಟ್ಟು ಅರೆದು ಮೆತ್ತಿಯೋ ಸಂದುಗಳನ್ನು ಮುಚ್ಚುತ್ತಾಳೆ. ಅರ್ಧ ಕೆಲಸ ಮೇದರದು, ಅರ್ಧ ಕೊಂಡವಳದು. ಈಗ ಪ್ಲಾಸ್ಟಿಕ್ ಮೊರ ಬಂದಿದೆ, ಅಂಗಡಿಯಲ್ಲಿ ಕಲ್ಲು ತೆಗೆದ ಅಕ್ಕಿ ಸಿಗುತ್ತದೆ. ಬಿದಿರ ಮೊರ ಬಹುಪಾಲು ಗೌರಿ ಹಬ್ಬದ ಬಾಗಿನಕ್ಕೆ ಬಂದು ನಿಂತಿದೆ. ಮತ್ತೆ ದೇವರೇ ಕಾಯ್ದಳು ಎನ್ನಬೇಕು.

ಮೇದರ ಕಸುಬು ಸೊರಗಿದ್ದಕ್ಕೆ ಪ್ಲಾಸ್ಟಿಕ್ಕನ್ನಷ್ಟೇ ಬೈಯುವುದು ಸರಿಯಲ್ಲ. 1950ರ ದಶಕದಲ್ಲಿ ಕರ್ನಾಟಕದ ಕಾಡಿನ ಬಿದಿರು ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಯಿತು. ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ಕೊಡಬೇಕಿತ್ತು. ಬಿದಿರು ಸಿಗುತ್ತಿಲ್ಲ ಎಂಬ ಅವರ ಕೂಗು ಜೋರಾದ ಮೇಲೆ, 1970ರ ದಶಕದ ನಡುವೆ, ಮಾಧವ ಗಾಡ್ಗೀಳರು ರಾಜ್ಯದ ಬಿದಿರಿನ ಸ್ಥಿತಿಯ ಅಧ್ಯಯನಕ್ಕೆ ತೊಡಗಿದರು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಅರಣ್ಯ ಕಾನೂನಿನ 'ಮರ'ದ ಪಟ್ಟಿಯಿಂದ ಬಿಟ್ಟದ್ದು 2017ರ ಕೊನೆಗೆ. ಅಷ್ಟು ಹೊತ್ತಿಗೆ ಕಸುಬು ಬಿಟ್ಟವರು ಬಿಟ್ಟಾಗಿತ್ತು.

ದೇವರ ಕಡೆಗೆ ತಿರುಗಿದರೆ ಚಿತ್ರ ಬೇರೆ. ಮಲೆಮಹದೇಶ್ವರ ಬೆಟ್ಟದ ಮಾದಪ್ಪನ ದೇವರಗುಡ್ಡರ ಕಂಸಾಳೆ ಇವತ್ತಿಗೂ ಕಂಚಿನದೇ. ಎಡಗೈಯ ತಾಳ ಬಟ್ಟಲಿನಂತೆ ತಗ್ಗಾಗಿರುತ್ತದೆ; ಬಲಗೈಯದಕ್ಕೆ ದಾರ, ದಾರದ ತುದಿಗೆ ಗೊಂಡೆ. ಬೀಸಿದಾಗ ಅದು ಕುಣಿಯುವವನ ತೋಳು, ಬೆನ್ನು ಸುತ್ತಿ ಬಂದು ಎಡಗೈಯ ತಾಳಕ್ಕೆ ತಾಗಬೇಕು. ತೂಕದಲ್ಲಿ ತುಸು ತಪ್ಪಿದರೂ ಆಟ ಕೆಡುತ್ತದೆ. ಮಂಟೇಸ್ವಾಮಿ ಪರಂಪರೆಯ ಕಥೆಯಂತೂ ಕಸುಬುದಾರರ ಸುತ್ತಲೇ ಹೆಣೆದದ್ದು: ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹುಟ್ಟಿದ್ದೇ ಲೋಹದ ಕೆಲಸದ ಪಾಂಚಾಳರ ಮನೆಯಲ್ಲಿ, ಅವನ ದೊಡ್ಡ ಪವಾಡಗಳು ನಡೆಯುವುದು ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಲು ಹೋದಾಗ. ನೀಲಗಾರರು ತಂಬೂರಿ, ಗಗ್ಗರ ಹಿಡಿದು ಈ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಚಿಕ್ಕಲ್ಲೂರು ಜಾತ್ರೆಯ ಮೊದಲ ರಾತ್ರಿ ಬಿದಿರು, ಬಟ್ಟೆಯಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಕೊಡುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲಿತೋ ಆ ಕಡೆ ಆ ವರ್ಷ ಬೆಳೆ ಚೆನ್ನ ಎಂಬ ಲೆಕ್ಕ. ಸುಡುವುದಕ್ಕೆಂದೇ ಕಟ್ಟುವ ಈ ವಸ್ತುವನ್ನು ಯಾವ ಮ್ಯೂಸಿಯಮ್ಮೂ ಗಾಜಿನ ಪೆಟ್ಟಿಗೆಯಲ್ಲಿ ಇಡಲಾರದು. ಮುಂದಿನ ವರ್ಷ ಮತ್ತೆ ಕಟ್ಟಬೇಕಾದ್ದರಿಂದ ಕಟ್ಟುವ ವಿದ್ಯೆಯಂತೂ ಕೈಬಿಟ್ಟಿಲ್ಲ.

ಇತ್ತ ಪೇಟೆಯ ವ್ಯವಹಾರವೂ ಬೆಳೆದಿದೆ. ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುವಾಡ, ಹಿತ್ತಾಳೆ ಹಂಡೆಗಳು ಗುಜರಿಯವರ ಕೈಗೆ ಬಂದು, ಅಲ್ಲಿಂದ ನಗರದ ಅಂಗಡಿಗಳಿಗೆ, ರೆಸಾರ್ಟುಗಳಿಗೆ ಸಾಗುತ್ತವೆ. ಅಲ್ಲಿ ಗಾಡಿಯ ಗಾಲಿ ಬಾಗಿಲ ಅಲಂಕಾರವಾದರೆ ಒರಳಲ್ಲಿ ತಾವರೆ ಬೆಳೆಯುತ್ತದೆ. ನೂರು ವರ್ಷ ದಾಟಿದ ಇಂಥ ಕುಶಲ ವಸ್ತುಗಳು ಪುರಾತನ ವಸ್ತುಗಳ 1972ರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಆದರೆ ಮೊರಕ್ಕೂ ಈಚಲ ಚಾಪೆಗೂ ನೂರು ವರ್ಷದ ಆಯುಸ್ಸು ಎಲ್ಲಿಂದ ಬರಬೇಕು? ತೀರ ಬಡವರ ಸಾಮಾನಿನ ಮಟ್ಟಿಗೆ ಕಾನೂನು ಇದ್ದೂ ಇಲ್ಲದಂತೆ.

ಕೈಯ ವಿದ್ಯೆ ಹೊಸ ಸರಕಿಗೆ ಒಗ್ಗಿಕೊಂಡ ಒಂದು ನಿದರ್ಶನ ಜಿಲ್ಲೆಯ ಕಾಡಿನಲ್ಲೇ ಇದೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಸೋಲಿಗರ ಕುಮರಿ ಬೇಸಾಯ ನಿಂತಿತು, ಕಾಡಿಗೆ ಬೆಂಕಿ ಹಾಕುವ ರೂಢಿಯೂ ನಿಂತಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವೆಂದು ಭಾರತಕ್ಕೆ ಬಂದ ಲಾಂಟಾನ ನೆಲವನ್ನೆಲ್ಲ ಆವರಿಸಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎನ್ನುತ್ತಾರೆ ಸೋಲಿಗ ಹಿರಿಯರು. 2004ರ ಸುಮಾರಿಗೆ ಬೆಂಗಳೂರಿನ ಏಟ್ರೀ ಸಂಸ್ಥೆ ಮಲೆಮಹದೇಶ್ವರ ಬೆಟ್ಟದಲ್ಲಿ ಈ ಕಳೆಯಿಂದಲೇ ಪೀಠೋಪಕರಣ ಮಾಡುವ ತರಬೇತಿ ಶುರುಮಾಡಿತು. ಬಿದಿರು ಕೆಲಸ ಬಲ್ಲ ಕೊರವರು, ಸೋಲಿಗರು, ಬೇಡಗಂಪಣರು ಕಲಿತರು. ಕಡ್ಡಿಯನ್ನು ನೀರಲ್ಲಿ ಚೆನ್ನಾಗಿ ಕುದಿಸಿ, ಬಿಸಿಯಿರುವಾಗಲೇ ಸಿಪ್ಪೆ ಸುಲಿದು ಬಗ್ಗಿಸಬೇಕು. ಕುದಿಸಿದ ಲಾಂಟಾನ ಬೆತ್ತದಂತೆ ಬಾಗುತ್ತದೆ, ಗೆದ್ದಲು ಅದರ ತಂಟೆಗೆ ಅಷ್ಟಾಗಿ ಬರುವುದಿಲ್ಲ.

ಬಂಡೀಪುರದ ಆಚೆ, ಗುಂಡ್ಲುಪೇಟೆಯಿಂದ ದೂರವಲ್ಲದ ಗೂಡಲೂರಿನಲ್ಲಿ ಬೆಟ್ಟಕುರುಬ, ಪಣಿಯ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ಆಳೆತ್ತರ ಮೀರಿದ ಆನೆಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಲಾಲ್‌ಬಾಗಿಗೂ ಬಂದವು. ನೋಡಲು ಬಂದವರಿಗೆ ಬರೀ 'ಆನೆ' ಎಂಬ ಚೀಟಿ ಸಿಗಲಿಲ್ಲ. ಪ್ರತಿಯೊಂದಕ್ಕೂ ನೀಲಗಿರಿ ಕಾಡಿನ ಒಂದು ನಿಜವಾದ ಆನೆ ಮಾದರಿ. ಹೆಣೆದ ಸಮುದಾಯ ಯಾವುದು, ಗಿಡ ಯಾವುದು, ಅದನ್ನು ಕಾಡಿನಿಂದ ಕಿತ್ತದ್ದೇಕೆ ಎಂಬುದೂ ಜೊತೆಗೇ ಗೊತ್ತಾಗುತ್ತಿತ್ತು. ಮಾರಾಟದಿಂದ ಬಂದ ಹಣ ಮನುಷ್ಯರು ಮತ್ತು ವನ್ಯಪ್ರಾಣಿಗಳು ಹೊಂದಿಕೊಂಡು ಬಾಳುವ ಯೋಜನೆಗಳಿಗೆ ಹೋಗುತ್ತದೆ.